ನಿಂತ ಗಾಡಿಯ ರಿಂಗು

ನಮ್ಮನೆಯವರು ಜೀವಮಾನದಲ್ಲಿ ಒಂದು ಬೆಟ್ಟ ಹತ್ತಿದವರಲ್ಲ. ಸೈಕಲ್ ತುಳಿದದ್ದೂ ಕಾರ್ಖಾನೆಗೆ ಹೋಗಿ ಬರಲು ಮಾತ್ರ. ಆದರೂ ಊರ ಹಿಂದಿನ ಬೆಟ್ಟದ ಕಾಲುದಾರಿಯಲ್ಲಿ ಯಾರು ಎಷ್ಟು ಸೈಕಲ್ ಓಡಿಸುತ್ತಾರೆ, ಯಾರದು ಬರೀ ಬಾಯಿ ಬಡಾಯಿ, ಯಾರು ಮನೆಯಲ್ಲಿ ಹೇಳುವುದೊಂದು ಹೊರಗೆ ಮಾಡುವುದೊಂದು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿದೆ. ಯಾರೂ ಬಂದು ಹೇಳಿದ್ದಲ್ಲ. ಎರಡೆರಡು ಫೋಮ್ ರಿಂಗು ನೋಡಿ ತಿಳಿದುಕೊಂಡದ್ದು.

ಊರವರು ಅವರನ್ನು ಫೋರ್ಕ್ ಡಾಕ್ಟ್ರು ಎನ್ನುತ್ತಾರೆ. ಮೊದಮೊದಲು ನಾನೂ ಹಿಗ್ಗಿದ್ದೆ. ಆಮೇಲೆ ಗೊತ್ತಾಯಿತು, ಡಾಕ್ಟ್ರ ಹೆಂಡತಿಗೆ ಸಿಗುವ ಮರ್ಯಾದೆ ಏನೂ ನನಗೆ ಸಿಗುವುದಿಲ್ಲ, ಕರಿ ಎಣ್ಣೆ ಮೆತ್ತಿದ ಟವಲು ಮಾತ್ರ ಸಿಗುತ್ತದೆ.

ಬೆಟ್ಟದ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳಿಗೆ ಫೋರ್ಕ್ ಎಂದು ಹೆಸರು. ಮೇಲೆ ಹೊಳೆಯುವ ಎರಡು ಕೊಳವೆ, ಕೆಳಗೆ ಅವನ್ನು ನುಂಗಿಕೊಳ್ಳುವ ಎರಡು ದಪ್ಪ ಕೊಳವೆ. ಚಕ್ರ ಕಲ್ಲಿಗೆ ಬಡಿದಾಗ ಮೇಲಿನದು ಕೆಳಗಿನದರೊಳಗೆ ಇಳಿದು ಮತ್ತೆ ಏಳುತ್ತದೆ, ಪೆಟ್ಟು ಓಡಿಸುವವನ ಕೈಗೆ ಬರುವುದಿಲ್ಲ. ಕೆಳಗಿನ ಕೊಳವೆಯ ಬಾಯಿಗೆ ದೂಳು ಒಳಗೆ ಹೋಗದಂತೆ ಒಂದು ರಬ್ಬರ್ ಸೀಲ್ ಇರುತ್ತದೆ. ಆ ಸೀಲಿನ ಅಡಿಯಲ್ಲಿ, ಹೊರಗಿನ ಕಣ್ಣಿಗೆ ಬೀಳದ ಹಾಗೆ, ಸ್ಪಂಜಿನಂಥ ಒಂದು ರಿಂಗು ಎಣ್ಣೆ ಕುಡಿದು ಕೂತಿರುತ್ತದೆ. ಕೊಳವೆ ಏರಿ ಇಳಿಯುವಾಗಲೆಲ್ಲ ಅದಕ್ಕೆ ಎಣ್ಣೆ ಸವರುವುದಷ್ಟೇ ಅದರ ಕೆಲಸ. ಒಂದೊಂದು ಕಾಲಿಗೆ ಒಂದೊಂದು ರಿಂಗು. ಅದಿಲ್ಲದಿದ್ದರೂ ಸೈಕಲ್ ಓಡುತ್ತದೆ, ಮೊದಲ ಕೆಲವು ವಾರ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಕೊಳವೆ ಒಣಗಿ, ಉಜ್ಜಿ, ಹೊಳಪು ಹೋಗಿ, ಕೊನೆಗೆ ಫೋರ್ಕೇ ಹಾಳಾಗುತ್ತದೆ.

ಇಷ್ಟನ್ನೂ ನಾನು ಕಲಿತದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೈಯುತ್ತಾ.

ಇಪ್ಪತ್ತೆರಡು ವರ್ಷ ಅವರು ತಗಡು ಒತ್ತುವ ಕಾರ್ಖಾನೆಯಲ್ಲಿದ್ದರು. ದೊಡ್ಡ ದೊಡ್ಡ ಪ್ರೆಸ್ಸುಗಳ ಸೀಲ್ ಬದಲಾಯಿಸುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಆರು ತಿಂಗಳು ಮುಂದಿನ ಕೋಣೆಯ ಕಿಟಕಿಗೆ ಒರಗಿ ಬೀದಿ ನೋಡುತ್ತಾ ಕೂತರು. ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಹಾಕಿದರು, ಸರಿಯಿದ್ದ ನಲ್ಲಿಗಳನ್ನೂ. ಇನ್ನು ಇವರು ನನ್ನನ್ನೇ ಬಿಚ್ಚಿ ನೋಡುತ್ತಾರೆ ಎಂದು ನಾನು ಅಂದುಕೊಳ್ಳುವ ಹೊತ್ತಿಗೆ ಪಕ್ಕದ ಬೀದಿಯ ಕ್ಷೌರದಂಗಡಿಯವನು ಎಣ್ಣೆ ಸೋರುವ ಫೋರ್ಕ್ ಹಿಡಿದು ಬಂದ. ದೊಡ್ಡ ಅಂಗಡಿಯವರು ಅದನ್ನು ಎಸೆದು ಹೊಸದು ಹಾಕಿಸು ಅಂದಿದ್ದರಂತೆ. ಇವರು ಅದನ್ನು ಮೇಜಿನ ಮೇಲೆ ಮಲಗಿಸಿ, ಎರಡು ಸಲ ಅದುಮಿ, ಕಿವಿಗೊಟ್ಟು ಕೇಳಿದರು.

"ಇದು ಪ್ರೆಸ್ಸೇ ಕಣೇ. ಸಣ್ಣದು, ಅಷ್ಟೇ," ಅಂದರು.

ಅಂದು ಹಳೇ ಸೀಲನ್ನು ಮೀಟಿ ತೆಗೆಯಲು ನನ್ನ ಅಡುಗೆಮನೆಯ ದೊಡ್ಡ ಚಮಚ ಹೋಯಿತು. ಮಾರನೆಯ ದಿನ ರಿಂಗು ನೆನೆಸಲು ಸ್ಟೀಲಿನ ಬಟ್ಟಲು ಹೋಯಿತು. ಮುಂದಿನ ಕೋಣೆ ಹೋಗಲು ಒಂದು ತಿಂಗಳೂ ಬೇಕಾಗಲಿಲ್ಲ. ಹತ್ತೊಂಬತ್ತು ವರ್ಷವಾಯಿತು. ಈಗ ಅವರಿಗೆ ಅರವತ್ತೇಳು, ನನಗೆ ಎಷ್ಟು ಎಂದು ಯಾರೂ ಕೇಳಿಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿದೆ, ಅದು ಹೆಜ್ಜೆ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಗಾಳಿ ಬಿಡುವುದು. ಅಡಿಯ ಬೋಲ್ಟುಗಳನ್ನು ನಾಲ್ಕು ಸುತ್ತು ಸಡಿಲಿಸಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಕೆಳಗಿನ ಕಾಲುಗಳನ್ನು ಎಳೆದು ತೆಗೆದಾಗ ಹಳೇ ಎಣ್ಣೆ ತಟ್ಟೆಗೆ ಬೀಳುತ್ತದೆ. ಸೀಲು ಮೀಟುವುದು, ರಿಂಗು ಹೊರತೆಗೆಯುವುದು, ಕೋಲಿಗೆ ಬಟ್ಟೆ ಸುತ್ತಿ ಒಳಗೆಲ್ಲ ಒರೆಸುವುದು. ಹೊಸ ರಿಂಗು ಅಷ್ಟು ಹೊತ್ತೂ ಬಟ್ಟಲಿನಲ್ಲಿ ಕೆಂಪು ಎಣ್ಣೆ ಕುಡಿಯುತ್ತಿರುತ್ತದೆ. ಮೊದಲ ದಿನದಿಂದ ಅವರದು ಕೆಂಪು ಎಣ್ಣೆಯೇ, ಕಾರ್ಖಾನೆಯ ಅಭ್ಯಾಸ. ಪ್ಯಾಕೆಟ್ಟಿನಿಂದ ಬೆಳ್ಳಗೆ ಬಂದ ರಿಂಗು ಒಂದು ಗಂಟೆಯಲ್ಲಿ ಕೆಂಪಗಾಗುತ್ತದೆ, ಆಮೇಲೆ ಏನು ಮಾಡಿದರೂ ಆ ಕೆಂಪು ಹೋಗುವುದಿಲ್ಲ. ನನ್ನ ಟವಲುಗಳೇ ಸಾಕ್ಷಿ.

ತೆಗೆದ ರಿಂಗುಗಳನ್ನು ಅವರು ಎಸೆಯುವುದಿಲ್ಲ. ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಡುತ್ತಾರೆ, ಜೊತೆಗೊಂದು ಚೀಟಿ. ಅವರ ಅಕ್ಷರ ಅವರಿಗೇ ಓದಲು ಬಾರದ್ದರಿಂದ ಚೀಟಿ ಬರೆಯುವವಳು ನಾನು. ಮಣ್ಣಿನ ದಾರಿಯಲ್ಲಿ ಓಡಿದ ಗಾಡಿಯ ರಿಂಗಿನ ಅಂಚು ಕಪ್ಪಗಾಗಿರುತ್ತದೆ. ಅವರಿಗೆ ಸೈಕಲ್ಲೂ ಗಾಡಿಯೇ. ಮರಳಲ್ಲಿ ಓಡಿದ್ದನ್ನು ಹಿಸುಕಿದರೆ ಕರಕರ ಅನ್ನುತ್ತದೆ. ಕೆಸರು ತೊಳೆಯಲು ಜೋರು ನೀರು ಬಿಡುವವರದರಲ್ಲಿ ಎಣ್ಣೆ ಹಾಲು ಹಾಲಾಗಿರುತ್ತದೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ್ದರಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ರಿಂಗು ಒಣಗಿ ಬಿಳಿಚಿಕೊಂಡಿರುತ್ತದೆ. ನಿಂತ ಗಾಡಿ ಎಂದು ಬರೆಯಿಸುತ್ತಾರೆ.

ಆದರೆ ಬಾಯಿಬಿಟ್ಟು ಯಾರಿಗೂ ಹೇಳುವುದಿಲ್ಲ. ಗಾಡಿಯ ಯಜಮಾನನ ಮುಂದೆ ಬಿಳಿ ಬಟ್ಟೆಯ ಮೇಲೆ ಎರಡು ರಿಂಗು ಇಟ್ಟು ಸುಮ್ಮನಾಗುತ್ತಾರೆ. ಪ್ರತಿ ವಾರ ಬೆಟ್ಟ ಹತ್ತುತ್ತೇನೆ ಎಂದು ಬ್ಯಾಂಕಿನವರೊಬ್ಬರು ಅರ್ಧ ಗಂಟೆ ಕೊಚ್ಚಿಕೊಂಡಿದ್ದರು. ಒಣಗಿದ ರಿಂಗುಗಳನ್ನು ಸ್ವಲ್ಪ ಹೊತ್ತು ನೋಡಿ, "ಈಚೆಗೆ ಬಿಡುವಾಗ್ತಿಲ್ಲ," ಎಂದು ಎದ್ದು ಹೋದರು. ಅವರು ಹೋದ ಮೇಲೆ ನಾನು ನಕ್ಕರೆ ಇವರು ನಗಲಿಲ್ಲ. "ಅವರ ಗಾಡಿ, ಅವರಿಗೆ ಗೊತ್ತಾದ್ರೆ ಸಾಕು. ನಿನಗ್ಯಾಕೆ?" ಅಂದರು.

ನಮಗೆ ಒಬ್ಬಳೇ ಮಗಳು. ಸೇತುವೆಯ ಆಚೆ, ಮೂರನೇ ಮಹಡಿಯಲ್ಲಿ ಅವಳ ಮನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಬೇರೆಯವರ ರಕ್ತ ಪರೀಕ್ಷೆ ಮಾಡುವುದು ಅವಳ ಉದ್ಯೋಗ. ಅಳಿಯ ನಗರಸಭೆಯಲ್ಲಿ ನಕ್ಷೆ ಬರೆಯುವವರು, ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ, ಮದುವೆಗೆ ಮುಂಚೆ ಒಂದು ಸಂಜೆಯೆಲ್ಲ ನಮ್ಮ ಮನೆಯಲ್ಲಿ ಕೂತು ಹೋದವರು ಆಡಿದ್ದು ಎರಡೇ ಮಾತು: "ಹೂಂ" ಮತ್ತು "ಬರ್ತೀನಿ". ಐದು ತಿಂಗಳ ಹಿಂದೆ ಅವರ ರಕ್ತದಲ್ಲಿ ಸಕ್ಕರೆ ಏರಿದ್ದು ಗೊತ್ತಾಯಿತು. ಕಂಡುಹಿಡಿದವಳು ಮಗಳೇ. ದಿನಾ ಒಂದು ಗಂಟೆ ಮೈ ದಣಿಸಿ, ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ ಎಂದರು ಡಾಕ್ಟರು. ಅಳಿಯನ ಬಳಿ ಬೆಟ್ಟದ ಸೈಕಲ್ ಮೊದಲೇ ಇತ್ತು. ಮಾವನ ಕೈಯಲ್ಲಿ ಫೋರ್ಕಿನ ಸೀಲು, ರಿಂಗು ಎಲ್ಲ ಬದಲಾಯಿಸಿಕೊಂಡು, ಮಾರನೆಯ ಬೆಳಗಿನಿಂದ ಬೆಟ್ಟಕ್ಕೆ ಹೊರಟರು.

ಆ ಫೋರ್ಕ್ ರಿಪೇರಿಯಾದ ದಿನ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಂದು ನಮ್ಮಿಬ್ಬರಿಗೂ ಜಗಳ. ಊಟಕ್ಕೆ ಮೂರು ಸಲ ಕರೆದೆ. ಮೂರನೇ ಸಲ ಅವರು ಕೈಯಲ್ಲಿದ್ದ ಬಟ್ಟೆ ಎಸೆದು, "ಕೆಲಸ ಮುಗಿಯೋವರೆಗೂ ಕೂಗಬೇಡ ಅಂತ ಎಷ್ಟು ಸಲ ಹೇಳೋದು," ಎಂದು ರೇಗುತ್ತಲೇ ಎದ್ದು ಬಂದರು. ಊಟ ಮಾಡಿ ಮತ್ತೆ ಹೋಗಿ ಕೂತರು. ಮಾತಿಲ್ಲ ಕತೆಯಿಲ್ಲ. ಸಂಜೆ ಬಟ್ಟಲು ತೊಳೆಯಲು ತಂದಾಗ ತಳದಲ್ಲಿ ಎರಡು ರಿಂಗು ಇದ್ದವು, ಕೆಂಪಗೆ, ಎಣ್ಣೆ ಕುಡಿದು ಉಬ್ಬಿ. ಜಾಸ್ತಿ ನೆನೆಸಿರಬೇಕು ಎಂದುಕೊಂಡೆ. ಕೇಳೋಣ ಎಂದರೆ ಮಾತು ಬಿಟ್ಟಿದ್ದೇನಲ್ಲ. ಹಿಂಡಿ ಒಂದು ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮರೆತೆ.

ನಾಲ್ಕು ತಿಂಗಳಾದ ಮೇಲೆ ಮಗಳು ಮತ್ತೆ ರಕ್ತ ನೋಡಿದಳು. ಸಕ್ಕರೆ ಒಂದು ಚೂರೂ ಇಳಿದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಗಳು ಸೈಕಲ್ ಹಿಡಿದುಕೊಂಡು ಮುಂದೆ, ಅಳಿಯ ಕೈಕಟ್ಟಿಕೊಂಡು ಹಿಂದೆ, ನಮ್ಮ ಬಾಗಿಲಿಗೆ ಬಂದರು. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಕಾಫಿ ಕುಡಿಯಲು ಬಂದವಳಲ್ಲ.

"ಅಪ್ಪ, ಇದನ್ನ ಬಿಚ್ಚು. ರಿಂಗ್ ನೋಡಿ ರಿಪೋರ್ಟ್ ಕೊಡು."

"ಈಗ ಬೇಡ ಮಾವ, ಚೆನ್ನಾಗೇ ಇದೆ," ಅಂದರು ಅಳಿಯ. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಅಪರೂಪ.

"ನೋಡಿದ್ಯಾ? ಹೊರಡೋವಾಗಿಂದ ಇದೇ ರಾಗ. ಬಿಚ್ಚಬೇಡಿ, ಬಿಚ್ಚಬೇಡಿ. ದಿನಾ ಬೆಳಿಗ್ಗೆ ಬೆಟ್ಟ ಅಂತ ಹೋಗ್ತಾರೆ, ಸಕ್ಕರೆ ಇದ್ದ ಹಾಗೇ ಇದೆ. ರಕ್ತ ಸುಳ್ಳು ಹೇಳಲ್ಲಪ್ಪ. ಎಲ್ಲಿಗೆ ಹೋಗ್ತಾರೆ, ಯಾರ ಜೊತೆ ಕೂತು ಹರಟೆ ಹೊಡೀತಾರೆ, ನಂಗೆ ಗೊತ್ತಾಗಬೇಕು."

ಇವರು ಅಳಿಯನ ಮುಖ ನೋಡಿದರು. ಅಳಿಯ ನೆಲ ನೋಡಿದರು. ಮಗಳ ಕಣ್ಣು ಕೆಂಪಗಿತ್ತು, ರಾತ್ರಿ ಅತ್ತಿರಬೇಕು. ಅಷ್ಟು ಸಾಕಾಯಿತು ಇವರಿಗೆ. ಗಾಳಿ ಬಿಟ್ಟರು, ಬೋಲ್ಟು ಸಡಿಲಿಸಿದರು, ಕಾಲು ಎಳೆದರು. ತಟ್ಟೆಗೆ ಎಣ್ಣೆ ಬಿತ್ತು, ಅದರ ಕಡೆ ತಿರುಗಿಯೂ ನೋಡದೆ ಸೀಲಿನ ಅಡಿಗೆ ಕೊಕ್ಕೆ ತೂರಿಸಿ ರಿಂಗುಗಳನ್ನು ಎಳೆದು ಬಿಳಿ ಬಟ್ಟೆಯ ಮೇಲೆ ಇಟ್ಟರು.

ಒಣಗಿದ, ಬಿಳಿಚಿಕೊಂಡ ಎರಡು ರಿಂಗು. ಒಳ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ, ಅಷ್ಟೇ.

ಯಾವಾಗಲೂ ಆ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಳ್ಳುವ ಮನುಷ್ಯ ಅಂದು ಹಾಕಿಕೊಳ್ಳಲಿಲ್ಲ. "ಇದು ನಿಂತ ಗಾಡಿ," ಅಂದರು. "ನಾಲ್ಕು ತಿಂಗಳಲ್ಲಿ ಹತ್ತು ದಿನ ಓಡಿದ್ರೆ ಹೆಚ್ಚು."

ಅಳಿಯ ತಲೆ ಎತ್ತಿ ರಿಂಗು ನೋಡಿದರು, ಆಮೇಲೆ ಮಾವನ ಕೈ ನೋಡಿದರು. ಬಹಳ ಹೊತ್ತು ಕೈಯನ್ನೇ ನೋಡುತ್ತಿದ್ದರು. ನಂತರ ಹೆಂಡತಿಯ ಕಡೆ ತಿರುಗಿ, "ಹೌದು. ಓಡಿಸಿಲ್ಲ," ಅಂದರು.

ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸೈಕಲ್ ಇಲ್ಲೇ ಇರಲಿ ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ಇವರು ಹೊಸ ರಿಂಗು ಹಾಕಿ ಫೋರ್ಕ್ ಮುಚ್ಚಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ಚೀಟಿ ಬರೆಯಿಸಿದರು. ಅಳಿಯ, ನಾಲ್ಕು ತಿಂಗಳು, ನಿಂತ ಗಾಡಿ. ಬರೆಯುವಾಗ ನನಗೂ ಅಳಿಯನ ಮೇಲೆ ಸಿಟ್ಟಿತ್ತು. ಎರಡು ಮಾತಿನ ಮನುಷ್ಯ, ಅದರಲ್ಲೂ ಒಂದು ಸುಳ್ಳು ಎಂದುಕೊಂಡೆ.

ಮಾರನೆಯ ದಿನ ಮಗಳು ಫೋನ್ ಮಾಡಿದಳು. ಅಂದು ಬೆಳಿಗ್ಗೆ ಅವಳೇ ಎದ್ದು ಗಂಡನನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿ ಗಾಣದೆತ್ತಿನ ಹಾಗೆ ಹತ್ತು ಸುತ್ತು ಹಾಕಿಸಿದಳಂತೆ. ಅದನ್ನು ಹೇಳಿ ನಗಿಸಿದವಳು ಇದ್ದಕ್ಕಿದ್ದ ಹಾಗೆ ಮಾತು ಬದಲಿಸಿದಳು. "ಅಮ್ಮ, ನಾಲ್ಕು ತಿಂಗಳು ದಿನಾ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ದಾರೆ. ಇನ್ನು ಮೇಲೆ ಅವರು ಏನು ಹೇಳಿದ್ರೂ ನಾನು ಹೇಗೆ ನಂಬಲಿ?" ಅಂದಳು.

ಬುಧವಾರ ಇವರು ಬಿಡಿಭಾಗ ತರಲು ಹೋಗಿದ್ದಾಗ ಡಬ್ಬಿ ತೆಗೆದೆ. ಚೀಟಿ ಹಚ್ಚಿದ ಅಳಿಯನ ರಿಂಗುಗಳನ್ನು ಅದಕ್ಕೆ ಸೇರಿಸುವುದು ಇನ್ನೂ ಬಾಕಿಯಿತ್ತು. ಡಬ್ಬಿಯಲ್ಲಿ ಇದ್ದವೆಲ್ಲ ಕೊಳೆ ಹಿಡಿದವು, ಕರಿದು, ಬೂದು, ಕೆಸರು. ಆದರೆ ಹಿಂದೆ ಇವರೇ ಹಾಕಿದ್ದವನ್ನು ಹಿಸುಕಿ ಬಿಡಿಸಿದರೆ ಎಲ್ಲದರ ಹೊಟ್ಟೆಯೊಳಗೂ ಕೆಂಪು. ಆ ಬ್ಯಾಂಕಿನವರ ಒಣಗಿದ ರಿಂಗು ಸಹ, ಬಿಳಿಚಿಕೊಂಡಿದ್ದರೂ, ಒಳಗೆ ಕೆಂಪೇ. ಅಳಿಯನ ರಿಂಗು ಬಿಡಿಸಿದೆ. ಕೆಂಪಿನ ಸುಳಿವೇ ಇಲ್ಲ. ಪ್ಯಾಕೆಟ್ಟಿನಿಂದ ಬಂದ ಬಿಳಿ.

ಡಬ್ಬಿಯ ತಳದಲ್ಲಿ ಕಾಗದದ ಪೊಟ್ಟಣವಿತ್ತು, ಚೀಟಿಯಿಲ್ಲದ್ದು. ನಾನೇ ಸುತ್ತಿಟ್ಟದ್ದು. ಬಿಚ್ಚಿದೆ. ಕೆಂಪಗಿನ ಎರಡು ರಿಂಗು, ಒಂದು ದಿನವೂ ಕೆಲಸ ಮಾಡದವು.

ಡಬ್ಬಿ ಮುಚ್ಚಿ, ಮನೆಗೆ ಬೀಗ ಹಾಕಿ, ನಗರಸಭೆಯ ದಾರಿ ಹಿಡಿದೆ.

ಅಳಿಯ ಊಟದ ಹೊತ್ತಿನಲ್ಲಿ ಕಚೇರಿಯ ಹಿಂದಿನ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಕೂತ್ಕೊಳ್ಳಿ," ಅಂದೆ. "ನಿಮ್ಮ ಫೋರ್ಕಲ್ಲಿ ರಿಂಗೇ ಇರಲಿಲ್ಲ, ಅಲ್ವಾ?"

ಅವರು ಊಟದ ಡಬ್ಬಿಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು. ಮೂರು ತಿಂಗಳು ಚೆನ್ನಾಗಿತ್ತಂತೆ. ಆಮೇಲೆ ಫೋರ್ಕ್ ಬಿಗಿಯಾಗಿ ಕಿರುಗುಟ್ಟಲು ಶುರುಮಾಡಿತು. ಮಾವನಿಗೆ ತೊಂದರೆ ಯಾಕೆ ಎಂದು ಫೋನಿನಲ್ಲಿ ನೋಡಿಕೊಂಡು ಬಾಲ್ಕನಿಯಲ್ಲಿ ತಾವೇ ಬಿಚ್ಚಿದರು. ಎರಡೂ ಕಾಲಿನಲ್ಲಿ ಸೀಲಿನ ಅಡಿ ಖಾಲಿ. ದೂರದ ಅಂಗಡಿಯಿಂದ ಎರಡು ರಿಂಗು ತಂದು ತೂರಿಸಿ, ಬಿದ್ದ ಎಣ್ಣೆಯನ್ನೇ ಮತ್ತೆ ಸುರಿದು ಮುಚ್ಚಿದರು. ಅದಾಗಿ ಹತ್ತು ದಿನಕ್ಕೆ ಮಗಳು ಸೈಕಲ್ಲನ್ನು ನಮ್ಮ ಮನೆಗೆ ತಂದಳು.

"ಅದಕ್ಕೇ ಬಿಚ್ಚಬೇಡಿ ಅಂದಿದ್ದು?"

"ಹೂಂ."

"ಮತ್ತೆ ಓಡಿಸಿಲ್ಲ ಅಂತ ಯಾಕೆ ಒಪ್ಪಿಕೊಂಡ್ರಿ?"

"ಇನ್ನೇನು ಹೇಳಲಿ ಅತ್ತೆ? ಅವಳ ಮುಂದೆ, ಅವರದೇ ಮೇಜಿನ ಮುಂದೆ ಕೂತು, ಮಾವ, ನೀವು ಮರೆತಿದ್ರಿ ಅನ್ನಲಾ? ಅವರಿಗೆ ಇರೋದೇ ಆ ಕೆಲಸ. ನನ್ನ ಹೆಸರು ಕೆಟ್ಟರೆ ಮೆಲ್ಲಗೆ ಸರಿಹೋಗುತ್ತೆ. ಅವರಿಗೆ ಹೇಳಬೇಡಿ."

ಇಷ್ಟು ವರ್ಷ ಈ ಮನುಷ್ಯನನ್ನು ಮೂಗ ಎಂದು ಗೇಲಿ ಮಾಡಿದ್ದೆ. ನನ್ನ ಕಣ್ಣು ತುಂಬಿ ಬಂತು. ಒಪ್ಪಿಕೊಂಡೂಬಿಡುತ್ತಿದ್ದೆ. ನಲವತ್ತು ವರ್ಷ ಜೊತೆಗಿದ್ದವಳು ಗಂಡನ ಹೆಸರು ಉಳಿಯಲಿ ಎಂದು ಆಸೆಪಡುವುದು ದೊಡ್ಡ ಪಾಪವೇನಲ್ಲ. ಆದರೆ ಏಳುವಾಗ ಸುಮ್ಮನೆ ಕೇಳಿದೆ, "ಡಾಕ್ಟ್ರು ಏನಂದ್ರು?"

"ನಿನ್ನೆ ಹೋಗಿದ್ವಿ. ವ್ಯಾಯಾಮ ಮಾಡೇ ಇಲ್ಲ ಅಂತ ಅವಳು ಹೇಳಿದ್ಲು. ಹಾಗಾದ್ರೆ ಮಾತ್ರೆ ಈಗ ಬೇಡ, ಇನ್ನು ನಾಲ್ಕು ತಿಂಗಳು ಸರಿಯಾಗಿ ನಡೀಲಿ, ಆಮೇಲೆ ನೋಡೋಣ ಅಂದ್ರು."

ನಾನು ಮತ್ತೆ ಕೂತುಬಿಟ್ಟೆ. ನಾಲ್ಕು ತಿಂಗಳು ಬೆಟ್ಟ ಹತ್ತಿ ಇಳಿದರೂ ಇಳಿಯದ ಸಕ್ಕರೆಗೆ ಈಗ ಬೇಕಾದದ್ದು ಮಾತ್ರೆ. ನಮ್ಮ ಮನೆಯ ಮೇಜಿನಿಂದ ಹೋದ ಒಂದು ಮಾತಿಗೆ ಅದು ನಿಂತುಹೋಗಿದೆ. ಮಗಳ ಸಂಸಾರ ಒಂದು ಕಡೆ, ಅಳಿಯನ ಮೈ ಒಂದು ಕಡೆ. ಇವೆರಡಕ್ಕಿಂತ ನಮ್ಮವರ ಹೆಸರು ದೊಡ್ಡದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನಿದ್ದರೆ ಅವರೇ ಮುಂದೊಂದು ದಿನ ನನ್ನನ್ನು ಕ್ಷಮಿಸುವುದಿಲ್ಲ ಎಂದೂ ಅನ್ನಿಸಿತು.

ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದು ಮೀನಮೇಷ ಎಣಿಸಿದೆ. ನನ್ನ ಬಾಯಿ ಜೋರು, ಶುರು ಮಾಡಿದರೆ ಜಗಳವೇ ಆದೀತು. ಕೊನೆಗೆ ಅವರ ದಾರಿಯನ್ನೇ ಹಿಡಿದೆ. ಮನೆಗೆ ಬಂದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಳಿ ರಿಂಗು ಎರಡನ್ನು ಒಂದು ಕಡೆ, ಕೆಂಪು ರಿಂಗು ಎರಡನ್ನು ಇನ್ನೊಂದು ಕಡೆ ಇಟ್ಟು ಅಡುಗೆಮನೆಗೆ ಹೋದೆ. ಆ ಮೇಜು ಮುಟ್ಟಬಾರದು ಎಂಬ ಕಟ್ಟಪ್ಪಣೆಯನ್ನು ನಾನು ಮೀರಿದ್ದು ಅದೇ ಮೊದಲು.

ಬಾಗಿಲ ಸದ್ದಾಯಿತು. ಚೀಲ ಕೆಳಗಿಟ್ಟ ಸದ್ದಾಯಿತು. ಕುರ್ಚಿ ಎಳೆದರು. ನಾನು ಬೆಂದ ಬೇಳೆಯನ್ನೇ ಕಲಕುತ್ತಾ ನಿಂತೆ. ನಾನು ಕೂಗದಿದ್ದರೂ ಅವರಾಗಿಯೇ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಅಂಗೈಯಲ್ಲಿ ಕೆಂಪು ರಿಂಗುಗಳಿದ್ದವು.

"ಇವು ಎಲ್ಲಿ ಸಿಕ್ಕಿದ್ವು?"

"ಬಟ್ಟಲಲ್ಲಿ. ಅಳಿಯಂದಿರ ಫೋರ್ಕ್ ಮಾಡಿದ ದಿನ. ಜಾಸ್ತಿ ನೆನೆಸಿದೀರಿ ಅಂದ್ಕೊಂಡೆ."

"ಅವತ್ತು ನೀನು ಊಟಕ್ಕೆ ಕರೆದಿದ್ದೆ."

"ಮೂರು ಸಲ."

ಜಗಳ ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಊಟಕ್ಕೆ ಎದ್ದು ಹೋದವನು ನಾನು," ಅಂದರು. "ಬಂದು ನೋಡಿ ಮುಚ್ಚಬೇಕಿತ್ತು." ಅಂಗೈಯ ರಿಂಗನ್ನು ಹಿಸುಕಿ ನೋಡಿದರು. "ಭಾನುವಾರ ತಟ್ಟೆಗೆ ಬಿದ್ದ ಎಣ್ಣೆ ಯಾವ ಬಣ್ಣ ಇತ್ತು?"

"ಕರ್ರಗಿತ್ತು. ನಾನೇ ಚೆಲ್ಲಿದ್ದು."

"ನಿಂತ ಗಾಡಿ ಎಣ್ಣೆ ಕರ್ರಗಾಗಲ್ಲ ಕಣೇ. ಅದು ದಿನಾ ಓಡಿದ ಗಾಡಿ. ನಾನು ತಿರುಗಿಯೂ ನೋಡಲಿಲ್ಲ. ರಿಂಗು ನನ್ನದಲ್ಲ ಅನ್ನೋದು ಕಣ್ಣೆದುರಿಗೇ ಇತ್ತು. ನನ್ನ ಫೋರ್ಕನ್ನ ಇನ್ನೊಬ್ಬರು ಬಿಚ್ಚಿರಬಹುದು ಅಂತ ತಲೆಗೇ ಹೋಗಲಿಲ್ಲ." ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ಇನ್ನೂ ಎಷ್ಟು ಜನರದ್ದು ಹೀಗೆ ಮುಚ್ಚಿದೀನೋ."

ಅವರ ಕಣ್ಣಲ್ಲಿ ನೀರು ನೋಡಿದ್ದು ಕಾರ್ಖಾನೆ ಮುಚ್ಚಿದ ದಿನ. ಆಮೇಲೆ ಅಂದೇ. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ತಟ್ಟೆ ಇಟ್ಟೆ. ಅವರು ಉಣ್ಣಲಿಲ್ಲ. ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಗೋಡೆಗೆ ಒರಗಿದ್ದ ಅಳಿಯನ ಸೈಕಲ್ ಹಿಡಿದು ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ. ಸೇತುವೆಯ ಮೇಲೆ ಅವರು ಸೈಕಲ್ ತಳ್ಳುತ್ತಾ ಮುಂದೆ, ನಾನು ಹಿಂದೆ.

ಮಗಳು ಆಗತಾನೆ ಕೆಲಸದಿಂದ ಬಂದಿದ್ದಳು, ಅಳಿಯನೂ ಬಂದಿದ್ದರು. ಇವರು ಕೂರಲಿಲ್ಲ. ಊಟದ ಮೇಜಿನ ಮೇಲೆ ಕರವಸ್ತ್ರ ಹಾಸಿ ಎರಡು ಜೊತೆ ರಿಂಗು ಇಟ್ಟರು.

"ಮಗಾ, ಭಾನುವಾರ ಕೊಟ್ಟ ರಿಪೋರ್ಟ್ ತಪ್ಪು. ಈ ಕೆಂಪಿನವು ನಾಲ್ಕು ತಿಂಗಳ ಹಿಂದೆ ನಾನು ಹಾಕಬೇಕಾಗಿದ್ದವು. ಮರೆತೆ. ಈ ಬಿಳಿಯವು ನಿನ್ನ ಗಂಡ ಹಾಕಿದ್ದು. ಗಾಡಿ ದಿನಾ ಓಡಿದೆ." ಬಗ್ಗಿ ಸೈಕಲ್ಲಿನ ಹೊಳೆಯುವ ಕೊಳವೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿ ಉಗುರಿನಷ್ಟಗಲ ಮಸುಕಾಗಿತ್ತು. "ಎಣ್ಣೆ ಇಲ್ಲದೆ ಉಜ್ಜಿದ್ದು ಇದು. ಇದು ಸರಿಹೋಗಲ್ಲ. ಇದು ನನ್ನದು."

ಮಗಳು ರಿಂಗು ಮುಟ್ಟಲಿಲ್ಲ. ಗಂಡನ ಕಡೆ ತಿರುಗಿದಳು. "ಮತ್ತೆ ನೀವ್ಯಾಕೆ ಹೌದು ಅಂದ್ರಿ?"

ಅಳಿಯ ಭಾನುವಾರದಂತೆಯೇ ಮಾವನ ಕೈ ನೋಡಿದರು. ಅವಳಿಗೆ ಅರ್ಥವಾಗಲು ಅಷ್ಟೇ ಸಾಕಾಯ್ತು. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಅವರ ತೋಳಿಗೆ ಹಣೆ ಒತ್ತಿ ನಿಂತಳು, ನಾವಿದ್ದೇವೆ ಎಂಬುದನ್ನೂ ಮರೆತು. ನಾನು ಬಾಲ್ಕನಿ ನೋಡುವವಳಂತೆ ಆ ಕಡೆ ಹೋದೆ.

ಇವರಿಗೆ ಮಾತ್ರ ಅಂಥ ಸೂಕ್ಷ್ಮವೆಲ್ಲ ತಿಳಿಯುವುದಿಲ್ಲ. ಗಂಟಲು ಸರಿಮಾಡಿಕೊಂಡು, "ಅಳಿಯಂದಿರೇ," ಅಂದರು, "ನನ್ನಿಂದ ತಪ್ಪಾಯ್ತು. ಮಗಳ ಎದುರಿಗೆ ಅಂದಿದ್ದು, ಅವಳ ಎದುರಿಗೇ ಹೇಳ್ತಿದೀನಿ." ಸ್ವಲ್ಪ ತಡೆದು, ತಡೆಯಲಾರದೆ ಮುಂದುವರಿಸಿದರು. "ಆದ್ರೆ ನೀವು ಅದನ್ನ ಒಣದಾಗಿ ಹಾಕಿದ್ರಿ. ರಿಂಗನ್ನ ಒಂದು ಗಂಟೆ ಎಣ್ಣೆಯಲ್ಲಿ ನೆನೆಸಿ ಹಾಕಬೇಕು. ಬನ್ನಿ ಒಂದಿನ, ತೋರಿಸಿ ಕೊಡ್ತೀನಿ."

"ಹೂಂ," ಅಂದರು ಅಳಿಯ. ಮಗಳು ಅಳುತ್ತಲೇ ನಕ್ಕಳು.

ಶುಕ್ರವಾರ ಮಗಳು ಮತ್ತೆ ಡಾಕ್ಟರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಕೆಲವರ ಮೈಯೇ ಹಾಗೆ, ಸೈಕಲ್ಲಿನಿಂದ ಮಾತ್ರ ಇಳಿಯುವುದಿಲ್ಲ ಎಂದು ಅವರು ಮಾತ್ರೆ ಬರೆದುಕೊಟ್ಟರು. ಅಳಿಯ ಮತ್ತೆ ಬೆಟ್ಟಕ್ಕೆ ಹೋಗುತ್ತಿದ್ದಾರೆ.

ಇವರು ಹತ್ತು ದಿನ ಹೊಸ ಫೋರ್ಕ್ ಒಂದನ್ನೂ ಮುಟ್ಟಲಿಲ್ಲ. ಹಿಂದಿನ ಆರು ತಿಂಗಳಲ್ಲಿ ಬಂದವರನ್ನೆಲ್ಲ ನನ್ನ ಚೀಟಿ ನೋಡಿ ಒಬ್ಬೊಬ್ಬರನ್ನಾಗಿ ಕರೆಸಿ, ಯಾಕೆ ಎಂದೂ ಹೇಳಿ, ಬಿಚ್ಚಿ ನೋಡಿದರು. ಮೂವತ್ತೊಂದು ಫೋರ್ಕು. ಎಲ್ಲದರಲ್ಲೂ ರಿಂಗು ಇತ್ತು. ಕೊನೆಯದು ಕ್ಷೌರದಂಗಡಿಯವನದು. ಅವನು, "ನಿಮ್ಮ ಕೈ ತಪ್ಪಲ್ಲ ಅಂತ ನಾನು ಬಂದಾಗ್ಲೇ ಹೇಳಲಿಲ್ವಾ ಡಾಕ್ಟ್ರೇ?" ಎಂದು ನಗುತ್ತಾ ಹೋದ. ನಾನಂದುಕೊಂಡೆ, ಇನ್ನು ಇವರಿಗೆ ಧೈರ್ಯ ಬಂತು, ಎಲ್ಲ ಮೊದಲಿನ ಹಾಗಾಗುತ್ತದೆ.

ಹಾಗಾಗಲಿಲ್ಲ. ಮರುದಿನ ಬೆಳಿಗ್ಗೆ ಹೊಸದೊಂದು ಫೋರ್ಕ್ ಮೇಜಿನ ಮೇಲಿತ್ತು. ಸೀಲು ಕೂರಿಸಿದ್ದರು, ಅದರ ತುಟಿಗೆ ಗ್ರೀಸು ಸವರಿದ್ದರು. ಇನ್ನು ಕೆಳಗಿನ ಕಾಲುಗಳನ್ನು ಏರಿಸಿ ಮುಚ್ಚುವುದಷ್ಟೇ ಬಾಕಿ. ನಾನು ಈಗ ಊಟಕ್ಕೆ ಕೂಗುವುದನ್ನು ಬಿಟ್ಟಿದ್ದೇನೆ. ಆದರೆ ಅಂದು ಕೂಗಿದವರು ಅವರು.

"ಇಲ್ಲಿ ಬಾ ಸ್ವಲ್ಪ."

ಕೈ ಒರೆಸಿಕೊಂಡು ಹೋದೆ. ಫೋರ್ಕಿನ ಕಾಲುಗಳ ಬಾಯನ್ನು ನನ್ನ ಕಡೆ ತಿರುಗಿಸಿದರು.

"ಎರಡೂ ಇದಾವಾ ನೋಡು."

"ನಾನೇನು ನೋಡಲಿ? ನೀವೇ ಹಾಕಿದೀರಲ್ಲ."

"ಹಾಕಿದೀನಿ ಅಂತ ನನಗೆ ಅನ್ನಿಸ್ತಿದೆ. ಅವತ್ತೂ ಹಾಗೇ ಅನ್ನಿಸಿತ್ತು."

ಒಂದು ಬೆರಳು ಒಳಗೆ ತೂರಿಸಿದೆ. ಸೀಲಿನ ಅಡಿಯಲ್ಲಿ ಮೆತ್ತಗೆ, ತಣ್ಣಗೆ ಎಣ್ಣೆ ತಾಗಿತು. "ಇದೆ," ಅಂದೆ. ಇನ್ನೊಂದಕ್ಕೂ ಬೆರಳು ಹಾಕಿದೆ. "ಇದರಲ್ಲೂ ಇದೆ."

ಕೆಂಪಾದ ಬೆರಳನ್ನು ತೋರಿಸಿದೆ. ಅವರು ಬೆರಳನ್ನೂ ನೋಡಲಿಲ್ಲ, ತಮ್ಮ ಕೈ ಹಾಕಿಯೂ ನೋಡಲಿಲ್ಲ. ನನ್ನ ಮಾತನ್ನು ನಂಬಿ ಫೋರ್ಕ್ ಮುಚ್ಚಿದರು.